ಗೆಳೆಯನಿಗೊಂದು ಪತ್ರ: ಟೆರ್ರಾ ಒಳ್ಳೆಯವಳಾಗಿ ಸಾಯಬೇಕಿತ್ತಾ?

ಪ್ರೀತಿಯ ಗೆಳೆಯಾ,

ಟೀನ್ ಟೈಟನ್ಸ್ ಕಾಮಿಕ್ಸ್‌ನಲ್ಲಿ, ಮಣ್ಣು-ಕಲ್ಲುಗಳನ್ನು ಮನಸ್ಸಿನಿಂದಲೇ ಆಡಿಸಬಲ್ಲ ಹುಡುಗಿ ಟೆರ್ರಾಗೆ ಅನ್ಯಾಯವಾಗಿದೆ ಎಂದು ಬರೆದಿದ್ದೀಯ. ಟಿವಿ ಕಾರ್ಟೂನಿನಲ್ಲಿ ಅವಳು ಕೊನೆಗೆ ಜ್ವಾಲಾಮುಖಿಯನ್ನು ತಡೆದು, ಊರನ್ನು ಉಳಿಸಿ, ತಾನು ಕಲ್ಲಾಗುತ್ತಾಳೆ. ಕಾಮಿಕ್ಸ್‌ನಲ್ಲಾದರೆ ದ್ವೇಷ ಕಾರುತ್ತಲೇ ಸಾಯುತ್ತಾಳೆ. ಕಾರ್ಟೂನಿನ ಕೊನೆಯೇ ಸರಿ ಅನ್ನುವುದು ನಿನ್ನ ವಾದ. ನನಗೆ ಹಾಗನ್ನಿಸುವುದಿಲ್ಲ.

1982ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಅವಳನ್ನು ಟೀನ್ ಟೈಟನ್ಸ್ ಎಂಬ ಹದಿಹರೆಯದ ಸೂಪರ್‌ಹೀರೋ ತಂಡದ ಕಥೆಗೆ ತಂದಾಗಲೇ ಅವಳು ದ್ರೋಹಿ, ಸಾಯುತ್ತಾಳೆ ಎಂದು ತೀರ್ಮಾನಿಸಿದ್ದರು. ತಂಡಕ್ಕೆ ಹೊಸದಾಗಿ ಸೇರಿದ ಚಿಕ್ಕ ಹುಡುಗಿಯನ್ನು ಯಾರು ತಾನೇ ಅನುಮಾನಿಸುತ್ತಾರೆ? ಅವಳ ಕಣ್ಣಿನ ಲೆನ್ಸ್‌ನಲ್ಲೇ ಕ್ಯಾಮೆರಾ ಇತ್ತು. ಅವಳು ನೋಡಿದ್ದೆಲ್ಲ ತಂಡದ ಶತ್ರು, ಬಾಡಿಗೆ ಹಂತಕ ಡೆತ್‌ಸ್ಟ್ರೋಕ್‌ಗೂ ಕಾಣುತ್ತಿತ್ತು. ಗೆಳೆಯರ ಮುಖಗಳು, ಮನೆಗಳು, ದಿನಚರಿ, ಎಲ್ಲವೂ. ಈ ವಿಷಯ ಓದುಗರಿಗೆ ಮೊದಲೇ ತಿಳಿಯಿತು. ತಂಡಕ್ಕೆ ಮಾತ್ರ 1984ರವರೆಗೆ ತಿಳಿಯಲಿಲ್ಲ. ಗೊತ್ತಿದ್ದೂ ಏನೂ ಮಾಡಲಾಗದೆ ಅವಳು ಅವರ ಜೊತೆ ನಗುವುದನ್ನು ನೋಡುತ್ತಾ ಕೂರಬೇಕು. ಆ ಸಂಕಟಕ್ಕೇ ನಾನು ಈ ಕಥೆಯನ್ನು ಮತ್ತೆ ಮತ್ತೆ ಓದುವುದು.

ಕೊನೆಗೆ ತಾನೇ ಉರುಳಿಸಿದ ಬಂಡೆಗಳ ಕೆಳಗೆ ಅವಳು ಸಾಯುತ್ತಾಳೆ. ಪಶ್ಚಾತ್ತಾಪದ ಒಂದು ಮಾತೂ ಇಲ್ಲ. ಅವಳನ್ನು ಪ್ರೀತಿಸಿದ್ದ ತಂಡದ ಹುಡುಗ ಗಾರ್‌ಗೆ ಮಾತ್ರ ಅದನ್ನು ಒಪ್ಪಿಕೊಳ್ಳಲು ಆಗುವುದಿಲ್ಲ. ತಪ್ಪೆಲ್ಲ ಡೆತ್‌ಸ್ಟ್ರೋಕ್‌ನದು, ಅವನೇ ಅವಳನ್ನು ಕೆಡಿಸಿದ್ದು ಅನ್ನುತ್ತಾನೆ. ಅವಳ ಅಣ್ಣ ಜಿಯೋ-ಫೋರ್ಸ್‌ಗೆ ತಂಡದವರು ಆಗ ನಿಜ ಹೇಳುವುದಿಲ್ಲ. ನಿನ್ನ ತಂಗಿ ವೀರಳಂತೆ ಸತ್ತಳು ಎಂದು ಅವನನ್ನು ನಂಬಿಸುತ್ತಾರೆ. ನೋಡು, ನೀನು ಕೇಳುತ್ತಿರುವ ಆ ಒಳ್ಳೆಯ ಕೊನೆ ಕಾಮಿಕ್ಸ್‌ನಲ್ಲೂ ಇದೆ. ಆದರೆ ಅದು ಮೋಸ ಹೋದವರು ತಮ್ಮ ನೋವಿಗೆ ತಾವೇ ಕಟ್ಟಿಕೊಂಡ ಸುಳ್ಳು. ನನಗೆ ಕಾರ್ಟೂನಿಗಿಂತ ಜಾಸ್ತಿ ನಿಜ ಅನ್ನಿಸುವುದು ಇದೇ.

ಪ್ರಾಣ ಕೊಟ್ಟು ಪಾಪ ತೊಳೆದುಕೊಳ್ಳುವುದು ದ್ರೋಹಿಗಳ ಕಥೆಯಲ್ಲಿ ತೀರಾ ಸುಲಭದ ದಾರಿ. ಸತ್ತವರ ಮೇಲೆ ಯಾರೂ ಸಿಟ್ಟು ಉಳಿಸಿಕೊಳ್ಳುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಗೆಳೆಯರ ಮುಖ ನೋಡುವ ಕಷ್ಟವೂ ಇಲ್ಲ. ಬದುಕಿ ಉಳಿದವರ ಕಥೆಯೇ ಬೇರೆ, ಅಲ್ವಾ?

ಎಕ್ಸ್-ಮೆನ್ ಕಾಮಿಕ್ಸ್‌ನ ರೋಗ್‌ಳನ್ನೇ ತಗೋ. ಅವಳು ದ್ರೋಹಿಯಲ್ಲ, ನೇರ ಶತ್ರು. 1981ರಲ್ಲಿ ಸೂಪರ್‌ಹೀರೋ ಕ್ಯಾರಲ್ ಡ್ಯಾನ್ವರ್ಸ್‌ಳ ಶಕ್ತಿ, ನೆನಪು ಎರಡನ್ನೂ ಕಿತ್ತುಕೊಂಡಳು. 1983ರಲ್ಲಿ ಸಹಾಯ ಕೇಳಿ ಎಕ್ಸ್-ಮೆನ್ ತಂಡದ ಬಾಗಿಲಿಗೆ ಬಂದಾಗ ಒಳಗಿದ್ದವಳು ಅದೇ ಕ್ಯಾರಲ್! ಕಂಡ ಕೂಡಲೇ ಬಾರಿಸಿದಳು. ತಂಡವೂ ವಿರೋಧಿಸಿತು. ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್ ಮಾತ್ರ ಸೇರಿಸಿಕೊಂಡರು. ಮುಂದೆ ಜಪಾನಿನಲ್ಲಿ, ತಂಡದ ವುಲ್ವರಿನ್ ಪ್ರೀತಿಸಿದ್ದ ಮರಿಕೋಳನ್ನು ಉಳಿಸಲು ರೋಗ್ ತಾನೇ ಏಟಿಗೆ ಅಡ್ಡ ನಿಂತ ಮೇಲೆ ವುಲ್ವರಿನ್ ನಂಬಿದ. ಕ್ಯಾರಲ್ ಕ್ಷಮಿಸಲೇಬೇಕು ಎಂದು ಕಥೆ ಒತ್ತಾಯ ಮಾಡಲಿಲ್ಲ. ಅದೇ ನನಗೆ ಇಷ್ಟವಾದದ್ದು.

ಇನ್ನು ಥಂಡರ್‌ಬೋಲ್ಟ್ಸ್. 1997ರಲ್ಲಿ ಕರ್ಟ್ ಬ್ಯೂಸಿಕ್ ಮತ್ತು ಮಾರ್ಕ್ ಬ್ಯಾಗ್ಲಿ ಶುರು ಮಾಡಿದ್ದು. ಹೆಸರಾಂತ ಸೂಪರ್‌ಹೀರೋ ತಂಡ ಅವೆಂಜರ್ಸ್ ಇಲ್ಲದ ಹೊತ್ತಿನಲ್ಲಿ ಜನರನ್ನು ಕಾಪಾಡುವ ಹೊಸ ತಂಡ. ಮೊದಲ ಸಂಚಿಕೆಯ ಕೊನೆಯಲ್ಲಿ ಗೊತ್ತಾಗುತ್ತದೆ, ಇವರೆಲ್ಲ ವೇಷ ಹಾಕಿದ ಖಳರು, ನಾಯಕ ಬ್ಯಾರನ್ ಜೀಮೋ. ಆದರೆ ಜನರ ಮೆಚ್ಚುಗೆ ಸಿಕ್ಕ ಮೇಲೆ ಕೆಲವರಿಗೆ ಹಳೆಯ ಬದುಕು ಬೇಡವಾಗುತ್ತದೆ. ಸಾಂಗ್‌ಬರ್ಡ್, ಮ್ಯಾಕ್-1 ಮೊದಲಾದವರು ಜೀಮೋಗೇ ತಿರುಗಿಬೀಳುತ್ತಾರೆ. ಇಲ್ಲಿ ಖಳನಿಗೆ ದ್ರೋಹ ಮಾಡುವುದೇ ಒಳ್ಳೆಯತನದ ಮೊದಲ ಹೆಜ್ಜೆ.

ಆದರೂ ಲೆಕ್ಕ ಚುಕ್ತಾ ಆಗುವುದಿಲ್ಲ. ಆಮೇಲೆ ಹಾಕ್‌ಐ ಅವರ ನಾಯಕನಾಗಲು ಒಪ್ಪುತ್ತಾನೆ. ಅವನೂ ಮೊದಲು ಐರನ್ ಮ್ಯಾನ್ ವಿರುದ್ಧ ನಿಂತು, 1965ರಲ್ಲಿ ಅವೆಂಜರ್ಸ್ ಸೇರಿದವನು. ಅವರ ಕಷ್ಟ ಅವನಿಗೆ ಗೊತ್ತು. ಹಾಗಂತ ಸುಮ್ನೆ ಬಿಡುವುದಿಲ್ಲ. ಹಿಂದೆ ಕೊಲೆ ಮಾಡಿದ್ದ ಮ್ಯಾಕ್-1 ಜೈಲಿಗೆ ಹೋಗಬೇಕು ಎಂದು ಷರತ್ತು ಹಾಕುತ್ತಾನೆ. ಅವನು ಹೋಗುತ್ತಾನೆ. ಸಾಂಗ್‌ಬರ್ಡ್‌ಳ ಪ್ರೀತಿಯನ್ನೂ ಬಿಟ್ಟು ಹೋಗುತ್ತಾನೆ. ಜ್ವಾಲಾಮುಖಿ ತಡೆದು ಕಲ್ಲಾಗುವುದಕ್ಕಿಂತ ಇದು ದೊಡ್ಡದು ಎಂದೇ ನಾನು ಹೇಳುವುದು.

ಟೆರ್ರಾ ಬದುಕಿದ್ದರೆ ಅವಳಿಗೂ ಇಂಥ ದಾರಿ ಸಿಗುತ್ತಿತ್ತೇನೋ. ನೀನು ಅದನ್ನು ಕೇಳಿದ್ದರೆ ನಾನೂ ನಿನ್ನ ಪಕ್ಕಕ್ಕೇ ನಿಲ್ಲುತ್ತಿದ್ದೆ. ಥಂಡರ್‌ಬೋಲ್ಟ್ಸ್‌ನ ಮೊದಲ 12 ಸಂಚಿಕೆ ಓದು, ಆಮೇಲೆ ಬರೆ. ಸಾಂಗ್‌ಬರ್ಡ್ ಬಗ್ಗೆ ನಿನಗೆ ಏನನ್ನಿಸಿತು ಎಂದು ಕೇಳಬೇಕು.

ನಿನ್ನ ಗೆಳೆಯ