ಬಲೂನ್ ಪಂಪನ್ನು ಮೂಲೆಗೆ ತಳ್ಳಬಾರದು

ಮಾನ್ಯ ಸಂಪಾದಕರಿಗೆ,

ಹೃದಯಾಘಾತದ ನಂತರದ ದಿನಗಳಲ್ಲಿ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಹಿಡಿದಿಡುವ ಸ್ನಾಯು ಹರಿದರೆ, ಎಡ ಹೃತ್ಕುಕ್ಷಿಯಿಂದ (ಕೆಳಗಿನ ಎಡ ಕೋಣೆಯಿಂದ) ಮುಂದಕ್ಕೆ ಹೋಗಬೇಕಾದ ರಕ್ತ ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ತುರ್ತು ಶಸ್ತ್ರಚಿಕಿತ್ಸೆಯೇ ಇದಕ್ಕೆ ಮುಖ್ಯ ಪರಿಹಾರವಾದರೂ ಅಲ್ಲಿಯವರೆಗೆ ರೋಗಿಯನ್ನು ಉಳಿಸಿಕೊಳ್ಳಲು ಯಂತ್ರದ ನೆರವು ಬೇಕಾಗುತ್ತದೆ.

1960ರ ದಶಕದಿಂದ ಬಳಕೆಯಲ್ಲಿರುವ ಬಲೂನ್ ಪಂಪನ್ನು ತೊಡೆಸಂದಿಯ ಮೂಲಕ ಮಹಾಪಧಮನಿಗೆ ಸೇರಿಸುತ್ತಾರೆ. ಹೃದಯ ಸಡಿಲಗೊಂಡಾಗ ಹೀಲಿಯಂನಿಂದ ಉಬ್ಬುವ ಬಲೂನು, ಹೃದಯ ಸಂಕುಚಿಸುವ ಮುನ್ನ ಕುಗ್ಗಿ ರಕ್ತದ ಮುಂದಿನ ದಾರಿಯನ್ನು ಹಗುರಗೊಳಿಸುವುದರಿಂದ ಹಿಂದಕ್ಕೆ ಸೋರುವ ಪ್ರಮಾಣ ಇಳಿಯುತ್ತದೆ. ಜರ್ಮನಿಯಲ್ಲಿ 600 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು ಈ ಪಂಪಿನಿಂದ ಸಾವು ತಗ್ಗಲಿಲ್ಲವೆಂದಿತು, ನಿಜ. ಆದರೆ ಸ್ನಾಯು ಹರಿದಂತಹ ರೋಗಿಗಳನ್ನು ಅದರಿಂದ ಹೊರಗಿಟ್ಟಿದ್ದರೆಂಬುದನ್ನು, ಪಂಪು ಹಳತಾಯಿತೆನ್ನುವವರು ಏಕೋ ಹೇಳುವುದಿಲ್ಲ.

ಆದರೆ ಎಡ ಹೃತ್ಕುಕ್ಷಿ ಹಾಗೂ ಮಹಾಪಧಮನಿಯ ನಡುವಿನ ಅಯೋರ್ಟಿಕ್ ಕವಾಟವೇ ತೀವ್ರವಾಗಿ ಸೋರುತ್ತಿದ್ದರೆ ಇದೇ ಬಲೂನು ಅಪಾಯಕಾರಿ, ಉಬ್ಬಿದಾಗಲೆಲ್ಲ ಸೋರಿಕೆ ಹೆಚ್ಚುತ್ತದೆ. ರಕ್ತವನ್ನು ಹೊರತೆಗೆದು ಆಮ್ಲಜನಕ ಸೇರಿಸಿ ಹಿಂದಿರುಗಿಸುವ ಇನ್ನೊಂದು ಯಂತ್ರವಾದ ಎಕ್ಮೋ ದೇಹಕ್ಕೆ ರಕ್ತ ಪೂರೈಸಿದರೂ ಎಡ ಹೃತ್ಕುಕ್ಷಿಯ ಮೇಲಿನ ಹೊರೆಯನ್ನು ಏರಿಸಬಲ್ಲದು. ಹಾಗಾಗಿ ಯಾವ ಯಂತ್ರವೆಂದು ನಿರ್ಧರಿಸುವ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಅನಿವಾರ್ಯ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮತ್ತು ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗುವಂತಾದದ್ದು ಸ್ವಾಗತಾರ್ಹ. ಮುಂದಿನ ಹಂತವಾಗಿ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿಯೂ ಎಕೋ ಮಾಡಬಲ್ಲ ಸಿಬ್ಬಂದಿ ಹಾಗೂ ಬಲೂನ್ ಪಂಪಿನೊಂದಿಗೆ ರೋಗಿಯನ್ನು ಸಾಗಿಸಬಲ್ಲ ಆಂಬುಲೆನ್ಸ್ ಇರುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಬೇಕು.

– ಓದುಗ, ಮೈಸೂರು