ಹೆಣ್ಣುಮಕ್ಕಳ ತಪಾಸಣೆ ಯಾವಾಗಿಂದ?

ಎಲ್ಲರಿಗೂ ನಮಸ್ಕಾರ.

"ಮದುವೆಯಾಗದ ಹುಡುಗಿಗೆ ಲೇಡಿ ಡಾಕ್ಟರ್ ಯಾಕೆ?" ಅಂತ ನಿನ್ನೆ ಗುಂಪಿನಲ್ಲಿ ಪ್ರಶ್ನೆ ಬಂತು. ಮದುವೆಗೂ ಇದಕ್ಕೂ ಸಂಬಂಧವೇ ಇಲ್ಲ. 13ರಿಂದ 15ರೊಳಗೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ ಹೇಳುವುದೂ ಇದೇ ವಯಸ್ಸು. ಮೊದಲ ಸಲ ಹೆಚ್ಚಾಗಿ ಬರೀ ಮಾತುಕತೆ. ಒಳಗಿನ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಸುಮ್ನೆ ಹೆದರಬೇಡಿ. ಸ್ವಲ್ಪ ಹೊತ್ತು ಮಗಳು ಒಬ್ಬಳೇ ಡಾಕ್ಟರ್ ಜೊತೆ ಮಾತಾಡಲಿ. ನಾವು ಆಚೆ ಕಾದರೆ ನಷ್ಟವೇನಿಲ್ಲ, ಅಲ್ವಾ?

ಕೆಲವಕ್ಕೆ ಮಾತ್ರ ಕಾಯಲೇಬಾರದು. 15 ತುಂಬಿದರೂ ಮುಟ್ಟಾಗಿಲ್ಲ, ಏಳು ದಿನ ದಾಟಿದರೂ ರಕ್ತಸ್ರಾವ ನಿಂತಿಲ್ಲ, ಗಂಟೆಗೊಂದು ಪ್ಯಾಡ್ ಬದಲಿಸಬೇಕು, ನೋವಿಗೆ ಶಾಲೆ ತಪ್ಪುತ್ತಿದೆ. ಇಂಥದ್ದಕ್ಕೆಲ್ಲ "ಮದುವೆ ಆದ್ಮೇಲೆ ಸರಿಹೋಗುತ್ತೆ" ಅನ್ನುವುದು ಮದ್ದಲ್ಲ. ಮುಟ್ಟಿನ ತಾರೀಖು ಬರೆದಿಟ್ಟುಕೊಂಡು ಹೋಗಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು.

ಗರ್ಭಕಂಠದ ಕ್ಯಾನ್ಸರ್ ತಡೆಯಲು ಕೊಡುವ ಎಚ್‌ಪಿವಿ ಲಸಿಕೆಗೆ 9ರಿಂದ 14 ಒಳ್ಳೆಯ ವಯಸ್ಸು. ಆದರೆ ಆ ಕ್ಯಾನ್ಸರ್‌ನ ತಪಾಸಣೆ ಹುಡುಗಿಯರಿಗಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಅದು 30 ತುಂಬಿದವರಿಗೆ, ಅಂದರೆ ಈ ಗುಂಪಿನ ಜಾಸ್ತಿ ಜನಕ್ಕೆ! ಮಗಳ ಜೊತೆ ಹೋದಾಗ ನಿಮ್ಮದನ್ನೂ ಕೇಳಿಕೊಂಡು ಬನ್ನಿ.