ಸವೆದದ್ದು ಬ್ಲೇಡ್ ಅಲ್ಲ, ಬುಷ್

ಮಾನ್ಯ ಸಂಪಾದಕರೇ,

ಹಳೇ ಗಾರ್ಡನ್ ಟ್ರ್ಯಾಕ್ಟರ್ ಹುಲ್ಲನ್ನು ಒಂದು ಕಡೆ ಬೋಳಿಸಿ ಇನ್ನೊಂದು ಕಡೆ ಉದ್ದ ಬಿಡುತ್ತಿದ್ದರೆ ಬ್ಲೇಡಿಗೆ ಸಾಣೆ ಹಿಡಿಸಿ, ಆಗಲೂ ಸರಿಹೋಗದಿದ್ದರೆ ಹೊಸ ಯಂತ್ರ ಕೊಳ್ಳಿ ಎಂದು ನಿಮ್ಮ ತೋಟದ ಪುಟದಲ್ಲಿ ಓದಿದೆ. ಫಿಟ್ಟರ್ ಕೆಲಸದಲ್ಲೇ ತಲೆ ನರೆತ ನನಗೆ ಸುಮ್ನೆ ಇರಲಾಗಲಿಲ್ಲ. ಬ್ಲೇಡ್ ಮೊಂಡಾದರೆ ಹುಲ್ಲಿನ ತುದಿ ಹರಿದು ಕಂದಾಗುತ್ತದೆ. ಕಟಾವೇ ಓರೆಯಾಗಿದ್ದರೆ ಮೊದಲು ಟೈರುಗಳ ಗಾಳಿ ನೋಡಬೇಕು, ಬ್ಲೇಡ್ ಬಾಗಿದೆಯೇ ನೋಡಬೇಕು. ಎರಡೂ ಸರಿಯಿದ್ದರೆ ಡೆಕ್ ಎತ್ತುವ ಕೀಲುಗಳ ಮೇಲೆ ಅನುಮಾನ ಪಡಬೇಕು.

ಡೆಕ್ ಅಂದರೆ ಬ್ಲೇಡುಗಳನ್ನು ಮುಚ್ಚಿಕೊಂಡು ಯಂತ್ರದ ಹೊಟ್ಟೆಯ ಕೆಳಗೆ ತೂಗುವ ತಗಡಿನ ಕವಚ. ಸೀಟಿನ ಪಕ್ಕದ ಲಿವರ್ ಎಳೆದರೆ ಚಾಸಿಗೆ, ಅಂದರೆ ಯಂತ್ರದ ಚೌಕಟ್ಟಿಗೆ, ಅಡ್ಡಲಾಗಿರುವ ಶಾಫ್ಟ್ ಎಂಬ ದಂಡ ತಿರುಗುತ್ತದೆ. ಶಾಫ್ಟಿನ ತೋಳುಗಳು ಕೊಂಡಿಗಳನ್ನು ಎಳೆಯುತ್ತವೆ, ಕೊಂಡಿಗಳು ಡೆಕ್ ಎತ್ತುತ್ತವೆ. ಕೀಲು ಕೀಲಿಗೂ ಪಿನ್ನು, ತೂತು, ಕೆಲವು ಕಡೆ ಬುಷ್, ಅಂದರೆ ಪಿನ್ನಿನ ಸುತ್ತ ತೂತಿನೊಳಗೆ ಕೂರುವ ಪುಟ್ಟ ಕೊಳವೆ. ಒಂದೊಂದರಲ್ಲೂ ಚೂರುಚೂರೇ ಆಟ, ಅಂದರೆ ಸಡಿಲ, ಬಂದರೂ ಎಲ್ಲ ಸೇರಿ ಡೆಕ್ಕಿನ ಒಂದು ಮೂಲೆ ಕಣ್ಣಿಗೆ ಕಾಣುವಷ್ಟು ಜೋತುಬೀಳುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಕೀ ತೆಗೆಯಿರಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ. ದಪ್ಪ ಗ್ಲೌಸ್ ಹಾಕಿಕೊಂಡು ಡೆಕ್ಕಿನ ಅಂಚು ಹಿಡಿದು ಮೇಲೆ ಕೆಳಗೆ ಆಡಿಸಿ, ಇನ್ನೊಂದು ಕೈಯ ಬೆರಳನ್ನು ಒಂದೊಂದೇ ಕೀಲಿನ ಮೇಲಿಡಿ. ಸವೆದ ಕೀಲು ಟಕ್ ಎಂದು ಬೆರಳಿಗೇ ಹೇಳುತ್ತದೆ. ಆ ಪಿನ್ ತೆಗೆದು ನೋಡಿದರೆ ಭಾರ ಹೊತ್ತ ಮಗ್ಗುಲು ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ, ಎದುರು ಮಗ್ಗುಲಲ್ಲಿ ತುಕ್ಕು. ದುಂಡಗಿರಬೇಕಾದ ತೂತು ಉದ್ದುದ್ದಕ್ಕೆ ಸವೆದಿರುತ್ತದೆ.

ಇಲ್ಲಿ ಜಾಸ್ತಿ ಜನ ಮಾಡುವುದು ಒಂದೇ, ಕೊಂಡಿಯ ಅಡ್ಜಸ್ಟ್‌ಮೆಂಟ್ ನಟ್ ಬಿಗಿ ಮಾಡಿ ಡೆಕ್ ಮಟ್ಟಕ್ಕೆ ತರುವುದು. ನಿಂತಲ್ಲಿ ಮಟ್ಟ ಚೆನ್ನಾಗಿಯೇ ಇರುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ಓಡಿಸಿದರೆ ಪಿನ್ನು ತೂತಿನೊಳಗೆ ಮತ್ತೆ ಕುಣಿಯುತ್ತದೆ. ಸವೆತ ಹಾಗೇ ಉಳಿಯಿತು, ನಟ್ಟನ್ನು ಇನ್ನೂ ತಿರುಗಿಸಲು ಇದ್ದ ಜಾಗ ಮುಗಿಯಿತು. ಉದ್ದವಾದ ತೂತಿಗೆ ಹೊಸ ಪಿನ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ. ತೂತನ್ನು ದೊಡ್ಡದಾಗಿ, ದುಂಡಗೆ ಕೊರೆದು ಉಕ್ಕಿನ ಬುಷ್ ಒತ್ತಿ ಕೂರಿಸಬೇಕು. ಸುತ್ತ ಅಷ್ಟು ಲೋಹ ಇಲ್ಲದಿದ್ದರೆ ಪಿನ್ನಿಗೆ ಸರಿಹೊಂದುವ ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿ. ಶಾಫ್ಟೇ ಹಳ್ಳ ಬಿದ್ದಿದ್ದರೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಅಳತೆಗೆ ತರಬಹುದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಅಂಟಿಕೊಂಡ ಒಣ ಹುಲ್ಲು ಕೆರೆದು ತೆಗೆಯಿರಿ. ಆಗುವುದಾದರೆ ಆ ಭಾಗವನ್ನೇ ಕಳಚಿ ಪೆಟ್ರೋಲ್ ಟ್ಯಾಂಕಿನಿಂದ ದೂರ ಒಯ್ಯಿರಿ. ಪ್ಲಾಸ್ಟಿಕ್ ಬುಷ್ ಇದ್ದರೆ ಕಂಡಕಂಡಲ್ಲಿ ಗ್ರೀಸ್ ಮೆತ್ತಬೇಡಿ. ಗ್ರೀಸಿಗೆ ಮಣ್ಣು ಅಂಟುತ್ತದೆ, ಆಮೇಲೆ ಅದೇ ಪಿನ್ನನ್ನು ಉಜ್ಜುತ್ತದೆ.

ನಿಮ್ಮ ಲೇಖನದಲ್ಲಿ ಇರಲೇಬೇಕಿದ್ದ ಎಚ್ಚರಿಕೆ ಸ್ಪ್ರಿಂಗಿನದು. ಲಿವರ್ ಹಗುರವಾಗಲೆಂದು ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಒಂದು ಬಲವಾದ ಸ್ಪ್ರಿಂಗ್ ಇರುತ್ತದೆ. ಅದನ್ನು ತಡೆದು ಹಿಡಿದಿರುವುದು ಡೆಕ್ಕಿನ ಭಾರವೇ. ಕೊಂಡಿ ಕಳಚಿ ಡೆಕ್ ಕೆಳಗಿಳಿಸಿದ ಮೇಲೆ ಲಿವರ್ ಹಿಡಿ ಬಿಡಿಸಿದರೆ ಲಿವರೇ ಫಟ್ಟನೆ ಚಿಮ್ಮುತ್ತದೆ. ಕೈ ಮುರಿಯುವಷ್ಟು ಜೋರಿರುತ್ತದೆ, ತಮಾಷೆಯಲ್ಲ. ಕೈಪಿಡಿಯಲ್ಲಿ ಹೇಳಿದಂತೆ ಸ್ಪ್ರಿಂಗಿನ ಬಿಗಿ ಮೊದಲು ಸಡಿಲಿಸಿ. ಇನ್ನು ಎತ್ತಿ ನಿಲ್ಲಿಸಿದ ಡೆಕ್ಕಿನ ಕೆಳಗೆ ಕೈ ಹಾಕುವವರು ಲಿವರನ್ನು ನಂಬಬಾರದು, ಡೆಕ್ಕಿಗೆ ಮರದ ದಿಮ್ಮಿಯ ಆಸರೆ ಕೊಡಬೇಕು. ಸವೆದಿರುವುದೇ ಆ ಲಿವರಿನ ಕೀಲು ಅಲ್ವಾ? ಎಣ್ಣೆಯ ಒತ್ತಡದಿಂದ ಡೆಕ್ ಎತ್ತುವ ಹೈಡ್ರಾಲಿಕ್ ಲಿಫ್ಟ್ ಇದ್ದವರಿಗೂ ಇದೇ ಮಾತು.

ರಿಪೇರಿ ಆದಮೇಲೆ ಸಮನೆಲದಲ್ಲಿ ನಿಲ್ಲಿಸಿ ಬ್ಲೇಡಿನ ತುದಿಯಿಂದ ನೆಲಕ್ಕೆ ಅಳೆಯಿರಿ. ಎಡಬಲ ಒಂದೇ ಇರಬೇಕು. ಮುಂದಿನ ತುದಿ ಹಿಂದಿನದಕ್ಕಿಂತ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್ ತಗ್ಗಿರುತ್ತದೆ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಹಿಡಿಯಿರಿ. ಅಡ್ಜಸ್ಟ್‌ಮೆಂಟ್ ನಟ್ ತಿರುಗಿಸುವ ಹೊತ್ತು ಈಗ.

ಇತಿ,
ನಿಮ್ಮ ಹಳೆಯ ಓದುಗ, ಒಬ್ಬ ಫಿಟ್ಟರ್